ಪಾದ್ರಿಗಳ ಪಾಠಶಾಲೆಗೆ ತಮ್ಮ ಬಂದ ದಿನ

ಸಿಂಗಪುರದ ಟೋವಾ ಪಾಯೋದ ನಮ್ಮ ಮನೆಯಿಂದ ಒಂದೇ ಬಸ್ಸು. ಇಳಿದು ದಿಬ್ಬ ಹತ್ತಿದರೆ ಸೆಮಿನರಿ. ಪಾದ್ರಿಗಳಾಗಬೇಕೆಂದು ಬಂದವರು ಏಳೆಂಟು ವರ್ಷ ಇದ್ದು ಓದುವ ಜಾಗ. ಅಲ್ಲಿನ ಲೈಬ್ರರಿಯಲ್ಲಿ ವಾರಕ್ಕೆ ಮೂರು ದಿನ ನಾನು ಹಳೆಯ ಪುಸ್ತಕಗಳ ಪಟ್ಟಿ ಮಾಡುತ್ತೇನೆ. ಮೈಸೂರಿನ ವೈದಿಕರ ಮನೆಯ ಹೆಂಗಸಿಗೆ ಅಲ್ಲೇನು ಕೆಲಸ ಎಂದು ನಮ್ಮ ಕನ್ನಡದವರು ಗಣೇಶನ ಹಬ್ಬಕ್ಕೆ ಸೇರಿದಾಗಲೆಲ್ಲ ಕೇಳುತ್ತಾರೆ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಅಲ್ಲಿ ಎಸಿ ಚೆನ್ನಾಗಿದೆ ಎಂದು ಹೇಳಿ ಕೋಸಂಬರಿಯ ಕಡೆ ತಿರುಗುತ್ತೇನೆ.

ಕಟ್ಟಡ ಸೆಮಿನರಿಗೆಂದು ಕಟ್ಟಿದ್ದಲ್ಲ. ಮೊದಲು ಅದು ಮೌನವ್ರತ ಹಿಡಿದ ಕ್ರೈಸ್ತ ಸಂನ್ಯಾಸಿಗಳ ಮಠವಾಗಿತ್ತು. ಯುರೋಪಿನಿಂದ ಬಂದ ಬೆರಳೆಣಿಕೆಯ ಜನ ಈ ಸೆಕೆಯಲ್ಲಿ ಉಣ್ಣೆಯ ನಿಲುವಂಗಿ ತೊಟ್ಟುಕೊಂಡು ಅಲ್ಲಿ ಬಾಳಿದರಂತೆ. ಅವರು ಒಬ್ಬೊಬ್ಬರಾಗಿ ತೀರಿಹೋದ ಮೇಲೆ ಸೆಮಿನರಿಯವರು ಬಂದರು. ನಡುವೆ ಆಕಾಶ ಬಿಟ್ಟು ಸುತ್ತ ಕಂಬದ ಪಡಸಾಲೆ. ಮೊದಲ ದಿನ ಒಳಗೆ ಕಾಲಿಟ್ಟಾಗ ಇದೇನು ತೊಟ್ಟಿ ಮನೆ ಎಂದುಕೊಂಡೆ. ತುಳಸಿ ಕಟ್ಟೆ ಇರಬೇಕಾದ ಕಡೆ ದೇವಕಣಗಿಲೆ ಮರ ಇತ್ತು, ಅಷ್ಟೇ ವ್ಯತ್ಯಾಸ. ನನ್ನ ಅಮ್ಮನಂತೂ ಆ ಜಾಗವನ್ನು ಕೊನೆಯವರೆಗೂ ಸೆಮಿನರಿ ಎನ್ನಲಿಲ್ಲ. ‘ಪಾದ್ರಿಗಳ ಪಾಠಶಾಲೆ’ ಎನ್ನುತ್ತಿದ್ದಳು.

ಮುಖ್ಯ ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಕೋಣೆಯಿದೆ, ಭೇಟಿಯ ಕೋಣೆ. ಮಠವಿದ್ದ ಕಾಲದಲ್ಲಿ ಸಂನ್ಯಾಸಿಯ ಮನೆಯವರು ವರ್ಷಕ್ಕೊಮ್ಮೆ ಬಂದರೆ ಅಲ್ಲಿ ಕೂರಬೇಕು. ನಡುವೆ ಮರದ ಜಾಲರಿ. ಈ ಕಡೆ ತಾಯಿ, ಆ ಕಡೆ ಮಗ. ಸೆಮಿನರಿಯವರು ಜಾಲರಿ ಕಿತ್ತು ಹಾಕಿದರು. ಅದನ್ನು ಕೂರಿಸಿದ್ದ ಕಡೆ ಕಲ್ಲಿನಲ್ಲಿ ಸಾಲಾಗಿ ತೂತುಗಳು ಮಾತ್ರ ಉಳಿದಿವೆ. ಈಗ ಅಲ್ಲಿ ಎರಡು ಕುರ್ಚಿ, ಒಂದು ಮೇಜು. ತಿಂಗಳಿಗೊಂದು ಭಾನುವಾರ ವಿದ್ಯಾರ್ಥಿಗಳ ಮನೆಯವರು ಬರುವ ದಿನ. ರಿಜಿಸ್ಟರಿನಲ್ಲಿ ಹೆಸರು ಬರೆದರೆ ಕಾಲು ಗಂಟೆ ಆ ಕೋಣೆ ಅವರದು. ಬಾಗಿಲು ಹಾಕಿಕೊಂಡು ಮಗನ ಜೊತೆ ಏನು ಬೇಕಾದರೂ ಮಾತಾಡಬಹುದು, ಬೈಯಬಹುದು, ಅಳಬಹುದು. ಆಮೇಲೆ ಪಡಸಾಲೆಯಲ್ಲಿ ಕೂತು ತಂದದ್ದನ್ನು ತಿನ್ನಿಸುತ್ತಾರೆ. ಭಾನುವಾರ ನನಗೆ ರಜೆ. ಆದರೂ ಆ ಒಂದು ಭಾನುವಾರ ಏನಾದರೂ ಕೆಲಸದ ನೆಪ ಹುಡುಕಿಕೊಂಡು ಹೋಗುತ್ತಿದ್ದೆ. ಲೈಬ್ರರಿಯ ಕಿಟಕಿಯಿಂದ ಪಡಸಾಲೆ ಪೂರ್ತಿ ಕಾಣುತ್ತದೆ. ಅಕ್ಕಂದಿರು ತಮ್ಮಂದಿರ ತಲೆಗೆ ಮೊಟಕುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಹೊಟ್ಟೆಕಿಚ್ಚು. ಬೇರೆ ಹೆಸರು ಅದಕ್ಕಿಲ್ಲ.

ಯಾಕೆಂದರೆ ನನ್ನ ತಮ್ಮ ಸಂನ್ಯಾಸಿ. ಕಾವೇರಿ ದಡದ ಒಂದು ಚಿಕ್ಕ ಮಠದ ಸ್ವಾಮಿಗಳು. ‘ಅವರು’ ಎಂದು ಬರೆಯಬೇಕು. ಬರೆಯುತ್ತೇನೆ, ನಡುನಡುವೆ ಮರೆಯುತ್ತೇನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಿಎಸ್ಸಿ ಅರ್ಧಕ್ಕೆ ಬಿಟ್ಟು ಹೋದವನು. ಸಂನ್ಯಾಸ ಕೊಡುವ ಮುಂಚೆ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳಬೇಕು. ಮಾಡಿಕೊಂಡ. ಹೊಳೆಗಿಳಿದು ಮೇಲೆ ಬಂದಾಗ ಕಾವಿ. ಅಲ್ಲಿಗೆ ಮನೆ, ಅಮ್ಮ, ಅಕ್ಕ ಎಲ್ಲ ಪೂರ್ವಾಶ್ರಮ, ಹಿಂದಿನ ಜನ್ಮವಿದ್ದ ಹಾಗೆ. ಆಮೇಲೆ ನಾನು ಅವರನ್ನು ನೋಡಿದ್ದು ಭಕ್ತರ ಸಾಲಿನಲ್ಲಿ ನಿಂತೇ. ‘ಕ್ಷೇಮವಾ?’ ಎಂದು ಮುಂದಿನವರಿಗೆ ಕೇಳಿದಷ್ಟೇ ನನಗೂ ಕೇಳಿ, ಮಂತ್ರಾಕ್ಷತೆ ಕೊಟ್ಟು, ಹಿಂದಿನವರ ಕಡೆ ನೋಡುತ್ತಿದ್ದರು. ಮೂವತ್ತು ವರ್ಷದ ಮೇಲಾಯಿತು.

ಅದೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಇನ್ನೊಂದಿದೆ. ಅವನನ್ನು ಕಳಿಸಿದವಳು ನಾನು.

ಸಂನ್ಯಾಸಕ್ಕೆ ತಾಯಿಯ ಒಪ್ಪಿಗೆ ಬೇಕು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಹಿರಿಯ ಸ್ವಾಮಿಗಳು ಕೇಳಿ ಕಳಿಸಿದ್ದರು, ಇವನು ತುದಿಗಾಲಲ್ಲಿ ನಿಂತಿದ್ದ. ಅಮ್ಮ ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಅಡಿಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದವಳು ನನ್ನನ್ನು ಕೇಳಿದಳು.

“ಏನ್ ಮಾಡ್ಲೇ? ನೀನು ಬೇಡ ಅಂದ್ರೆ ನಾನೂ ಬೇಡ ಅಂದ್ಬಿಡ್ತೀನಿ.”

ನಾನು ಆ ಮನೆಯಲ್ಲಿ ಬೇಡ ಎನ್ನುವುದಕ್ಕೇ ಹುಟ್ಟಿದವಳೆಂದು ಹೆಸರಾಗಿದ್ದೆ. ಅವನಿಗೆ ಸೈಕಲ್ ಬೇಡ, ಹೊಳೆ ಈಜು ಬೇಡ, ಸ್ನೇಹಿತರ ಜೊತೆ ಊಟಿ ಬೇಡ. ಎಲ್ಲದಕ್ಕೂ ಅಡ್ಡಗಾಲು. ಅಂದು ಮಾತ್ರ ನನಗೆ ಬೇರೆ ಉರಿ. ಮುಂದಿನ ತಿಂಗಳು ನನ್ನ ಮದುವೆ. ಹುಡುಗ ಸಿಂಗಪುರದಲ್ಲಿ, ಬ್ಯಾಂಕಿನ ಕೆಲಸ. ನಾನು ಸಮುದ್ರ ದಾಟಿ ಹೋಗುವವಳು, ನನಗೋಸ್ಕರ ಅಮ್ಮನ ಕಣ್ಣಲ್ಲಿ ಒಂದು ಹನಿ ಇಲ್ಲ. ಅತ್ತದ್ದೆಲ್ಲ ಮೂವತ್ತು ಮೈಲಿ ದೂರ ಹೋಗುವ ಅವನಿಗೆ. ಇಪ್ಪತ್ಮೂರು ವರ್ಷದವಳು, ದೊಡ್ಡವಳೆಂದು ತಿಳಿದುಕೊಂಡಿದ್ದೆ.

“ಹೋಗ್ಲಿ ಬಿಡಮ್ಮ. ಹೋಗೋರನ್ನ ಕಟ್ಟಿ ಹಾಕಕ್ಕಾಗತ್ತಾ?” ಎಂದೆ.

ಅಮ್ಮ ಹುರುಳಿಕಾಯಿ ಕೆಳಗಿಟ್ಟು ಕೈ ತೊಳೆದುಕೊಂಡು ಹೊರಗೆ ಹೋದಳು. ಅಷ್ಟೇ ನಡೆದದ್ದು. ಅವನು ಮಠದಲ್ಲಿ ಸುಖವಾಗಿದ್ದಾನೋ, ಇಲ್ಲ ಹತ್ತೊಂಬತ್ತರ ಹುಚ್ಚಿಗೆ ಬಿದ್ದು ಆಮೇಲೆ ಹೇಳಿಕೊಳ್ಳಲಾರದೆ ಕೊರಗಿದನೋ, ನನಗೆ ಗೊತ್ತಿಲ್ಲ. ನನ್ನ ಹೊಟ್ಟೆಯುರಿಯ ಒಂದು ಮಾತಿನಿಂದ ಒಬ್ಬನ ಬಾಳು ಒಳ್ಳೆಯದಾಯಿತೇ, ಕೆಟ್ಟಿತೇ? ಅವನನ್ನೇ ಕೇಳಬೇಕು. ಕೇಳುವ ಹಾಗಿಲ್ಲ. ಸಿಂಗಪುರದ ಮೂವತ್ತು ವರ್ಷದಲ್ಲಿ ಇದನ್ನು ನೆನೆಯದೆ ನಾನು ಒಂದು ದಿನವಾದರೂ ಹುರುಳಿಕಾಯಿ ಹೆಚ್ಚಿಲ್ಲ.

ಕೊನೆಯ ನಾಲ್ಕು ವರ್ಷ ಅಮ್ಮ ನಮ್ಮ ಜೊತೆ ಇದ್ದಳು. ಬೆಳಗ್ಗೆ ನಮ್ಮ ಕಟ್ಟಡದ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಗೋಡೆಯಿಲ್ಲದ ಆ ತೆರೆದ ಪಡಸಾಲೆಯಲ್ಲಿ, ತಮಿಳು ಆಂಟಿಯರ ಜೊತೆ ಕೂತು, ಅವರಿಗೆ ಕನ್ನಡ ಬಾರದಿದ್ದರೂ ನನ್ನ ಮೇಲಿನ ದೂರುಗಳನ್ನೆಲ್ಲ ಕನ್ನಡದಲ್ಲೇ ಹೇಳಿ ಮುಗಿಸುತ್ತಿದ್ದಳು. ಒಂದು ಸಲ, ಆ ಭೇಟಿಯ ಭಾನುವಾರ, ಅವಳನ್ನು ಸೆಮಿನರಿಗೆ ಕರೆದುಕೊಂಡು ಹೋದೆ. ಹೋಗಬಾರದಿತ್ತು. ಪಡಸಾಲೆಯಲ್ಲಿ ಒಬ್ಬ ತಾಯಿ ಮಗನ ಕಾಲರ್ ಸರಿ ಮಾಡಿ, ಕೆನ್ನೆ ಸವರಿ, ಡಬ್ಬಿಯಿಂದ ಏನೋ ತೆಗೆದು ಬಾಯಿಗಿಟ್ಟಳು. ಅಮ್ಮ ಕಣ್ಣು ಕೀಳದೆ ನೋಡಿದಳು.

“ಇವರು ತಿಂಗಳಿಗೊಂದ್ಸಲ ಬರಬಹುದಾ?”

“ಹೂಂ.”

“ಮುಟ್ಟಬಹುದಾ?”

“ಹೂಂ.”

“ಚೆನ್ನಾಗಿದೆ ಇವರ ಮಠ,” ಎಂದಳು.

ಅಮ್ಮ ಹೋದಾಗ ಮಠಕ್ಕೆ ಸುದ್ದಿ ಕಳಿಸಿದೆ. ವ್ಯವಸ್ಥಾಪಕರಿಂದ ವಾಟ್ಸಾಪಿನಲ್ಲಿ ಉತ್ತರ ಬಂತು: ‘ಶ್ರೀಗಳಿಗೆ ವಿಷಯ ತಿಳಿಸಲಾಯಿತು. ಸ್ನಾನ ಮಾಡಿದರು.’ ತಾಯಿ ಸತ್ತರೆ ಸಂನ್ಯಾಸಿ ಮಾಡಬೇಕಾದದ್ದು ಅಷ್ಟೇ, ಉಟ್ಟ ಬಟ್ಟೆಯಲ್ಲಿ ಒಂದು ಸ್ನಾನ. ಶಾಸ್ತ್ರ ನನಗೂ ಗೊತ್ತಿತ್ತು. ಆದರೂ ಆ ಫೋನನ್ನು ಎತ್ತಿ ಗೋಡೆಗೆ ಹೊಡೆಯುವಷ್ಟು ಸಿಟ್ಟು ಬಂತು. ಹೊಡೆಯಲಿಲ್ಲ. ಸೋಫಾದ ಮೇಲೆ ಎಸೆದೆ.

ಕಳೆದ ವರ್ಷ ಸುದ್ದಿ ಬಂತು, ಶ್ರೀಗಳು ಸಿಂಗಪುರಕ್ಕೆ ಬರುತ್ತಾರೆ ಎಂದು. ಇಲ್ಲಿನ ಯಿಶುನ್ ಬಡಾವಣೆಯ ಒಂದು ಕನ್ನಡ ಕುಟುಂಬ ಕರೆಸುತ್ತಿತ್ತು. ಮೂರು ದಿನ ಪೂಜೆ, ಪ್ರವಚನ. ಸಮುದ್ರ ದಾಟಿದ್ದಕ್ಕೆ ಊರಿಗೆ ಹೋಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರಂತೆ, ನೀರು, ಅಡಿಗೆಯವರು ಎಲ್ಲ ಜೊತೆಗೇ ಬರುತ್ತಾರಂತೆ ಎಂದು ವಾಟ್ಸಾಪ್ ಗುಂಪಿನಲ್ಲಿ ಒಂದೇ ಗದ್ದಲ. ಆ ಸಂದೇಶಗಳನ್ನು ಮಗಳಿಗೆ ಓದಿ ಹೇಳಿದೆ. ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಮಾಮನ್ನ ಡೈರೆಕ್ಟಾಗಿ ಕೇಳ್ಬಿಡು ಲಾ. ಸೋ ಸಿಂಪಲ್,” ಎಂದಳು. ಅವಳಿಗೆ ಎಲ್ಲವೂ ಸಿಂಪಲ್ಲೇ.

ಸೆಮಿನರಿಯ ಮುಖ್ಯಸ್ಥರನ್ನು ಎಲ್ಲರೂ ಫಾದರ್ ಎನ್ನುತ್ತೇವೆ. ಎಪ್ಪತ್ತರ ಹತ್ತಿರದ ಸಿಂಗಪುರ ಚೀನೀಯರು. ಬೆಳಗ್ಗೆ ಬೀದಿಯ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಾಫಿ ತಂದು, ಸ್ಟ್ರಾ ಹಾಕಿ ಹೀರುತ್ತ ಲೈಬ್ರರಿಗೆ ಬಂದು, ಪುಸ್ತಕಗಳ ಮೇಲೆ ಚೆಲ್ಲಬೇಡಿ ಎಂದು ನನ್ನಿಂದ ಬೈಸಿಕೊಳ್ಳುವುದು ಅವರ ದಿನಚರಿ. ವಿದ್ಯಾರ್ಥಿಗಳು ಬೇರೆ ಧರ್ಮದವರನ್ನೂ ಅರಿಯಬೇಕೆಂದು ಆಗಾಗ ಯಾರನ್ನಾದರೂ ಕರೆಸುತ್ತಾರೆ. ಸ್ವಾಮಿಗಳ ವಿಷಯ ನನ್ನ ಬಾಯಿಂದಲೇ ಜಾರಿತು. ಕರೆಸೋಣ, ನೀವೇ ಅನುವಾದ ಮಾಡಿ ಎಂದರು. ನಿಮಗೆ ಅವರ ಪರಿಚಯ ಹೇಗೆ ಎಂದು ಕೇಳಿದರು.

“ನನ್ನ ತಮ್ಮ,” ಎಂದೆ ಇಂಗ್ಲಿಷಿನಲ್ಲಿ. ಆ ಭಾಷೆಯಲ್ಲಿ ಹೇಳಿದರೆ ತಪ್ಪು ಕಡಿಮೆ ಎನ್ನಿಸಿತೋ ಏನೋ.

ಫಾದರ್ ಸ್ಟ್ರಾ ಬಾಯಿಂದ ತೆಗೆದರು. ಎಷ್ಟು ವರ್ಷವಾಯಿತು ಮಾತಾಡಿ ಎಂದರು. ಹೇಳಿದೆ. ಮಠದವರು ಒಪ್ಪಿ ದಿನ ಗೊತ್ತಾದ ಮಧ್ಯಾಹ್ನ ನೋಡಿದರೆ ಭೇಟಿಯ ಕೋಣೆಯ ರಿಜಿಸ್ಟರಿನಲ್ಲಿ, ಸ್ವಾಮಿಗಳು ಬರುವ ಶನಿವಾರದ ಕೆಳಗೆ, ಫಾದರ್ ತಮ್ಮ ಕೈಯಾರೆ ನನ್ನ ಹೆಸರು ಬರೆದಿದ್ದರು. ‘ಸಂಬಂಧ’ ಎಂಬ ಕಾಲಮಿನಲ್ಲಿ ‘ಅಕ್ಕ’ ಎಂದು. ಮೂವತ್ತು ವರ್ಷದಲ್ಲಿ ಹಾಗೆಂದು ಕಾಗದದ ಮೇಲೆ ಬರೆದವರು ಅವರೊಬ್ಬರೇ. ನಮ್ಮಲ್ಲಿ ಹಾಗೆಲ್ಲ ನಡೆಯುವುದಿಲ್ಲ ಫಾದರ್, ಸ್ವಾಮಿಗಳು ಹೆಂಗಸಿನ ಜೊತೆ ಒಂಟಿಯಾಗಿ ಕೂರುವುದಿಲ್ಲ, ಅಕ್ಕ ಎಂಬ ಮಾತೇ ಎತ್ತಬಾರದು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ರಿಜಿಸ್ಟರ್ ಮುಚ್ಚಿಟ್ಟು ಮೇಲೆ ಹೋದೆ. ಆ ವಾರವೆಲ್ಲ ಕಾಲು ಗಂಟೆಯಲ್ಲಿ ಏನೇನು ಕೇಳಬಹುದು ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಪ್ರಶ್ನೆಗೆ ಕಾಲು ಗಂಟೆ ಧಾರಾಳ.

ಶನಿವಾರ ಹತ್ತು ಗಂಟೆಗೆ ವ್ಯಾನು ಬಂತು. ವ್ಯವಸ್ಥಾಪಕರು, ಒಬ್ಬ ಅಡಿಗೆಯವರು, ಯಿಶುನಿನ ಗಂಡ ಹೆಂಡತಿ, ಕೊನೆಗೆ ಶ್ರೀಗಳು. ಐವತ್ತು ದಾಟಿದೆ. ಬಡಕಲು ಮೈ, ಕೈಯಲ್ಲಿ ದಂಡ, ಗಡ್ಡ ಪೂರ್ತಿ ಬೆಳ್ಳಗೆ. ನನಗಿಂತ ನಾಲ್ಕು ವರ್ಷ ಚಿಕ್ಕವನು ನನಗಿಂತ ಮುದುಕನಾಗಿದ್ದ. ಎಲ್ಲರ ಜೊತೆ ನಾನೂ ನಮಸ್ಕಾರ ಮಾಡಿದೆ.

“ಕ್ಷೇಮವಾ?” ಎಂದರು.

“ಹೂಂ, ತಮ್ಮ ಆಶೀರ್ವಾದ,” ಎಂದೆ.

ಫಾದರ್ ಉಬ್ಬಿದ ಮುಖದಿಂದ ಭೇಟಿಯ ಕೋಣೆಯ ಬಾಗಿಲು ತೆರೆದು ನಿಂತರು. ಒಳಗೆ ಎರಡು ಕುರ್ಚಿ ಎದುರುಬದುರು. ಅವರು ಇಡಿಸಿದ್ದ ಬಿಸ್ಕತ್ತಿನಲ್ಲಿ ಮೊಟ್ಟೆ ಇರುತ್ತದೆಂದು ನಾನೇ ಬೆಳಗ್ಗೆ ತೆಗೆದು ಬಾಳೆಹಣ್ಣು ಇಟ್ಟಿದ್ದೆ. ಕಾರ್ಯಕ್ರಮ ಹತ್ತೂವರೆಗೆ, ಮೊದಲು ಅಕ್ಕ ತಮ್ಮ ಕಾಲು ಗಂಟೆ ಕೂತು ಮಾತಾಡಿಕೊಳ್ಳಲಿ, ಯಾರೂ ಒಳಗೆ ಬರುವುದಿಲ್ಲ ಎಂದರು ಫಾದರ್ ಇಂಗ್ಲಿಷಿನಲ್ಲಿ. ವ್ಯವಸ್ಥಾಪಕರ ಮುಖ ಕಪ್ಪಿಟ್ಟಿತು. ಒಳ್ಳೆಯ ಮನುಷ್ಯರೇ, ಬ್ಯಾಂಕಿನಿಂದ ನಿವೃತ್ತರಾಗಿ ಮಠದ ಸೇವೆಗೆ ನಿಂತವರು.

“ಕ್ಷಮಿಸಬೇಕು ಫಾದರ್. ಅಂಥ ಪದ್ಧತಿ ನಮ್ಮಲ್ಲಿಲ್ಲ.”

“ಆದರೆ ಈಕೆ ಅವರ ಅಕ್ಕ,” ಎಂದರು ಫಾದರ್.

“ಅದು ಸಂನ್ಯಾಸಕ್ಕೆ ಮುಂಚೆ.”

“ಈಗ ಯಾರು?”

“ಭಕ್ತರು,” ಎಂದರು ವ್ಯವಸ್ಥಾಪಕರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅಮ್ಮಾ, ನಿಮಗೆ ಗೊತ್ತಿಲ್ದೆ ಇರೋದಲ್ಲ. ನೀವಾದ್ರೂ ಹೇಳ್ಬಾರ್ದಿತ್ತಾ ಅವರಿಗೆ?” ಎಂದರು.

ಹೇಳಬಹುದಿತ್ತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಶ್ರೀಗಳು ಬಾಗಿಲ ಹೊರಗೇ ನಿಂತು ಆ ಎರಡು ಕುರ್ಚಿಗಳನ್ನು, ಕಲ್ಲಿನ ಮೇಲಿನ ತೂತುಗಳನ್ನು ನೋಡಿದರು. ಅವು ಏತಕ್ಕೆ ಎಂದು ಕೇಳಿದರು. ಹಿಂದೆ ಇಲ್ಲಿದ್ದ ಸಂನ್ಯಾಸಿಗಳಿಗೂ ಮನೆಯವರಿಗೂ ನಡುವೆ ಜಾಲರಿ ಇತ್ತು, ಆಮೇಲೆ ತೆಗೆದರು ಎಂದು ವಿವರಿಸಿದೆ. ತಲೆಯಾಡಿಸಿ ಮುಂದೆ ನಡೆದರು. ಕಾಲು ಗಂಟೆ ಹೋಯಿತು. ಇನ್ನು ಈ ಜನ್ಮಕ್ಕೆ ಅದು ಸಿಗುವುದಿಲ್ಲ ಎಂದು ತಿಳಿದೇ ನಾನು ಅವರ ಹಿಂದೆ ಹೋದೆ.

ಕಾರ್ಯಕ್ರಮ ಇದ್ದದ್ದು ಮಠದ ಕಾಲದ ಸಭೆಯ ಕೋಣೆಯಲ್ಲಿ. ಸುತ್ತ ಗೋಡೆಗೆ ಹತ್ತಿಸಿದ ಕಲ್ಲಿನ ಜಗಲಿ. ಹಿಂದೆ ಸಂನ್ಯಾಸಿಗಳು ಅಲ್ಲಿ ಕೂತು, ಅಷ್ಟು ಹೊತ್ತು ಮೌನ ಬಿಟ್ಟು, ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ತಪ್ಪುಗಳನ್ನು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರಂತೆ. ಈಗ ಮೂವತ್ತು ವಿದ್ಯಾರ್ಥಿಗಳು ಕೂತಿದ್ದರು. ಶ್ರೀಗಳಿಗೆ ಮರದ ಕುರ್ಚಿಯ ಮೇಲೆ ಕಾವಿ ವಸ್ತ್ರ ಹಾಸಿತ್ತು. ಆರು ಅಡಿ ಆಚೆ ಮೈಕ್ ಹಿಡಿದು ನಾನು.

ಅವರು ಮಾತಾಡುವುದು ಕನ್ನಡದಲ್ಲೇ. ಎರಡು ವರ್ಷ ಬಿಎಸ್ಸಿ ಓದಿದವರು, ಇಂಗ್ಲಿಷ್ ಅರ್ಥವಾಗದೆ ಏನಲ್ಲ. ಬೆಳಗ್ಗೆ ಎಷ್ಟಕ್ಕೆ ಏಳುತ್ತೀರಿ, ಏನು ತಿನ್ನುತ್ತೀರಿ, ಎಷ್ಟು ವರ್ಷ ಓದು, ಹೀಗೆ ಪ್ರಶ್ನೆಗಳು. ಮಾತಿನ ನಡುವೆ ಅವರಿಗೆ ಶ್ಲೋಕ ಹೇಳುವ ಚಟ. ಐದು ನಿಮಿಷ ಹೇಳಿದ್ದನ್ನು ನಾನು ಎರಡು ವಾಕ್ಯಕ್ಕೆ ಇಳಿಸಿ ಇಂಗ್ಲಿಷಿನಲ್ಲಿ ಹೇಳಿದೆ. ವಿದ್ಯಾರ್ಥಿಗಳು ನಕ್ಕರು.

“ಎರಡನೇ ವಿಷಯ ಬಿಟ್ಬಿಟ್ರಿ,” ಎಂದರು ಶ್ರೀಗಳು, ನನ್ನ ಕಡೆ ನೋಡದೆ.

ಚಿಕ್ಕವನಿದ್ದಾಗ ಅಪ್ಪನ ಮುಂದೆ ನಾನು ಪಾಠ ಒಪ್ಪಿಸುವಾಗ ಪಕ್ಕದಲ್ಲಿ ಕೂತು ಹೀಗೇ ತಪ್ಪು ಹಿಡಿಯುತ್ತಿದ್ದ. ಆಗ ತೊಡೆ ಚಿವುಟುತ್ತಿದ್ದೆ. ಈಗ ಎರಡನೇ ವಿಷಯವನ್ನೂ ಹೇಳಿದೆ.

ಕೊನೆಯಲ್ಲಿ ಎದ್ದು ನಿಂತವನು ಇದೇ ಊರಿನ ಸೆಂಗ್‌ಕಾಂಗಿನವನು. ಮೂವತ್ತರ ಆಸುಪಾಸು, ಒಂದು ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವನು ಬಿಟ್ಟು ಇಲ್ಲಿಗೆ ಬಂದಿದ್ದ. ಅವನಿಗಿದ್ದದ್ದು ಒಬ್ಬಳೇ ಅಕ್ಕ. ಅವನು ಸೆಮಿನರಿ ಸೇರಿದ್ದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ, ಒಂದು ಭೇಟಿಯ ಭಾನುವಾರವೂ ಬಂದವಳಲ್ಲ. ಆ ದಿನಗಳಲ್ಲಿ ಅವನು ಮೇಲೆ ಲೈಬ್ರರಿಗೆ ಬಂದು, ಬೇಡವೆಂದರೂ ಕೇಳದೆ ನನ್ನ ಕಪಾಟುಗಳ ಧೂಳು ಒರೆಸುತ್ತಿದ್ದ. ನಾವಿಬ್ಬರೂ ಅದೇ ಕಿಟಕಿಯಿಂದ ನೋಡುವವರು.

ಅವನು ಕೇಳಿದ: ನೀವು ಮನೆ ಬಿಡುವಾಗ ತಡೆಯಬಲ್ಲವರು ಯಾರಾದರೂ ಇದ್ದರೇ? ಅವರು ತಡೆಯಬೇಕಿತ್ತು ಎಂದು ಎಂದಾದರೂ ಅನ್ನಿಸಿದೆಯೇ?

ನಾನು ಅದನ್ನು ಕನ್ನಡದಲ್ಲಿ ಹೇಳಬೇಕಿತ್ತು. ಶ್ರೀಗಳಿಗೆ ಆಗಲೇ ಅರ್ಥವಾಗಿತ್ತು, ಆದರೂ ನಾನು ಹೇಳುವುದನ್ನು ಕಾಯುತ್ತಿದ್ದರು. ಹೇಗೋ ಹೇಳಿ ಮುಗಿಸಿದೆ. ವ್ಯವಸ್ಥಾಪಕರು ಮುಂದೆ ಬಾಗಿ, ಪೂರ್ವಾಶ್ರಮದ ವಿಷಯ ಬೇಡ, ಬೇರೆ ಪ್ರಶ್ನೆ ಕೇಳಲಿ ಎಂದರು. ಶ್ರೀಗಳು ಕೈ ಎತ್ತಿ ತಡೆದರು.

“ಅವರು ಕಷ್ಟದಲ್ಲಿದ್ದು ಕೇಳ್ತಿದ್ದಾರೆ. ಹೇಳಬಹುದು.”

ಆಮೇಲೆ ಆ ಹುಡುಗನನ್ನೇ ನೋಡುತ್ತ ನಿಧಾನವಾಗಿ ಹೇಳಿದರು.

“ತಾಯಿಯವರಿಗೆ ಮನಸ್ಸಿರಲಿಲ್ಲ. ಅಕ್ಕನನ್ನ ಕೇಳಿದರು. ನಾವು ನಡುಮನೆಯಲ್ಲಿ, ಅಡಿಗೆಮನೆ ಬಾಗಿಲ ಪಕ್ಕ ನಿಂತಿದ್ದೆವು. ಅಕ್ಕ ಬೇಡ ಅಂತಾಳೆ ಅಂತ ಗ್ಯಾರಂಟಿ ಇತ್ತು. ಯಾವುದಕ್ಕೂ ಹೂಂ ಅಂದೋಳಲ್ಲ. ಬೇಡ ಅಂದ ತಕ್ಷಣ ಒಳಗೆ ನುಗ್ಗಿ ಜಗಳ ಆಡ್ಬೇಕು ಅಂತ ಮಾತೆಲ್ಲ ರೆಡಿ ಮಾಡ್ಕೊಂಡು ನಿಂತಿದ್ದೆವು. ಅವಳು ಹೋಗ್ಲಿ ಬಿಡು ಅಂದಳು. ಜಗಳ ಆಡೋಕೆ ಏನೂ ಉಳೀಲಿಲ್ಲ. ಹತ್ತು ವರ್ಷ ಆ ಕೋಪ ಇತ್ತು. ಜಪಕ್ಕೆ ಕೂತರೆ ಮೊದಲು ಅದೇ ಬರೋದು.”

ನಿಲ್ಲಿಸಿದರು. ಮೂವತ್ತು ಜನ ನನ್ನನ್ನು ನೋಡಿದರು.

ಬಾಗಿಲ ಪಕ್ಕ ಇದ್ದನೇ? ನನಗೆ ಗೊತ್ತೇ ಇರಲಿಲ್ಲ. ಅವನು ಆಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಎಂದುಕೊಂಡೇ ಬದುಕಿದ್ದೆ. ಮೈಕಿನಲ್ಲಿ ಹೇಳಿದೆ: ಸ್ವಾಮಿಗಳ ತಾಯಿಗೆ ಇಷ್ಟವಿರಲಿಲ್ಲ, ಅಕ್ಕ ಒಪ್ಪಿದ್ದರಿಂದ ಸಂನ್ಯಾಸ ಸಾಧ್ಯವಾಯಿತು. ಎರಡು ವಾಕ್ಯ.

“ನಾವು ಹೇಳಿದ್ದು ಅಷ್ಟೇ ಅಲ್ಲ,” ಎಂದರು ಶ್ರೀಗಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಪೂರ್ತಿ ಹೇಳಿ.”

ಹೇಳಿದೆ. ಇಂಗ್ಲಿಷಿನಲ್ಲಿ ‘ಸ್ವಾಮಿಗಳು ಹೇಳುತ್ತಾರೆ’ ಎಂದು ಶುರು ಮಾಡಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. “ನನ್ನ ತಮ್ಮ ಬಾಗಿಲ ಹತ್ತಿರ ನಿಂತಿದ್ದ,” ಎಂದೆ. “ನಾನು ಬೇಡ ಎನ್ನುತ್ತೇನೆಂದು ಕಾಯುತ್ತಿದ್ದ. ನನಗೆ ಆ ದಿನ ಅವನ ಮೇಲೆ ಹೊಟ್ಟೆಕಿಚ್ಚಿತ್ತು, ಹೋಗಲಿ ಎಂದೆ. ಅವನಿಗೆ ಹತ್ತು ವರ್ಷ ಕೋಪವಿತ್ತಂತೆ. ನನಗೆ ಇವತ್ತು ಗೊತ್ತಾಯಿತು.”

ವ್ಯವಸ್ಥಾಪಕರು ತಲೆ ತಗ್ಗಿಸಿದ್ದರು. ಸೆಂಗ್‌ಕಾಂಗಿನವನು ಇನ್ನೂ ನಿಂತೇ ಇದ್ದ. ಈಗ, ಈಗ ಹೇಗಿದ್ದಾರೆ ಎಂದು ಕೇಳಿ ಎಂದ.

ಅದನ್ನು ಅನುವಾದ ಮಾಡಲು ನನ್ನಿಂದಾಗಲಿಲ್ಲ. ಮೈಕ್ ಕೆಳಗಿಳಿಸಿ ನಾನೇ ತಮ್ಮನ ಕಡೆ ತಿರುಗಿ ಕೇಳಿದೆ, ಮನೆಯಲ್ಲಿ ಕೇಳುತ್ತಿದ್ದ ಹಾಗೆ.

“ಈಗ ಹೇಗಿದ್ದೀಯೋ? ನಾನು ನಿಂಗೆ ಕೆಟ್ಟದ್ದು ಮಾಡಿದ್ನಾ?”

ಅವನು ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದ. ಕಣ್ಣು ಅಮ್ಮನವೇ. ಇಷ್ಟು ವರ್ಷ ಸಾಲಿನಲ್ಲಿ ನಿಂತು ಅದನ್ನೂ ಗಮನಿಸಿರಲಿಲ್ಲ.

“ಚೆನ್ನಾಗಿದ್ದೀನಿ,” ಎಂದ. “ನೀನು ಬೇಡ ಅಂದಿದ್ರೂ ಹೋಗ್ತಿದ್ದೆ ಕಣೇ. ಆದ್ರೆ ನೀನು ಬೇಡ ಅನ್ನಬೇಕಿತ್ತು.”

ನಾನು ಅಲ್ಲೇ, ಎಲ್ಲರೆದುರು, ಮೈಕ್ ಹಿಡಿದುಕೊಂಡೇ ಅತ್ತೆ. ಫಾದರ್ ಎದ್ದು ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಸ್ವಾಮಿಗಳು ಏನೆಂದರು ಎಂದು ಮೆಲ್ಲಗೆ ಕೇಳಿದರು. ನಾನು ಹೇಳಲಿಲ್ಲ. ಶ್ರೀಗಳೂ ಈ ಸಲ ಪೂರ್ತಿ ಹೇಳಿ ಎನ್ನಲಿಲ್ಲ.